ಅಧ್ಯಕ್ಷರು ಊರಲ್ಲಿದ್ದಾಗ: ಹೊರವರ್ತುಲ ದಾಟುವುದೋ, ಸುತ್ತಿ ಹೋಗುವುದೋ?

ಅಮೆರಿಕದ ಅಧ್ಯಕ್ಷರು ಹೋದಲ್ಲೆಲ್ಲ ಆಕಾಶಕ್ಕೂ ಬೇಲಿ ಬೀಳುತ್ತದೆ, ಅಂದರೆ ತಾತ್ಕಾಲಿಕ ಹಾರಾಟ ನಿರ್ಬಂಧ. ಸಾಮಾನ್ಯವಾಗಿ ಒಳವರ್ತುಲದ ತ್ರಿಜ್ಯ 10 ನಾಟಿಕಲ್ ಮೈಲಿ, ಹೊರವರ್ತುಲದ್ದು 30, ಎತ್ತರ 18,000 ಅಡಿಯ ಕೆಳಗಿನವರೆಗೆ. ಸಣ್ಣ ವಿಮಾನದವರಿಗೆ ಒಳಗಿನದು ಮುಚ್ಚಿದ ಬಾಗಿಲು. ಆಯ್ಕೆ ಇರುವುದು ಹೊರಗಿನದರಲ್ಲಿ ಮಾತ್ರ.

ದಾಟುವುದಾದರೆ ಫ್ಲೈಟ್ ಪ್ಲಾನ್ (ಹಾರಾಟದ ಯೋಜನೆ) ಸಕ್ರಿಯವಾಗಿರಬೇಕು, ಗಡಿ ಮುಟ್ಟುವ ಮೊದಲೇ ಕಂಟ್ರೋಲರ್ ಕೊಟ್ಟ ಪ್ರತ್ಯೇಕ ಟ್ರಾನ್ಸ್‌ಪಾಂಡರ್ ಕೋಡ್ (ರೇಡಾರ್‌ಗೆ ವಿಮಾನದ ಗುರುತು ಹೇಳುವ ಸಂಖ್ಯೆ) ಹಾಕಿರಬೇಕು, ರೇಡಿಯೊ ಸಂಪರ್ಕ ಕಡಿಯಬಾರದು. ಎಡವುವುದು ಇಲ್ಲೇ: ಪ್ಲಾನ್ ಸಲ್ಲಿಸಿದ್ದೇ ಅನುಮತಿ ಎಂದುಕೊಂಡು ಕಣ್ಣಳತೆಯಲ್ಲಿ ಹಾರುವವರೆಲ್ಲ ಬಳಸುವ ಸಾಮಾನ್ಯ 1200 ಕೋಡ್‌ನಲ್ಲೇ ನುಗ್ಗುವುದು. ಆಮೇಲೆ ಪಕ್ಕದಲ್ಲಿ ಎಫ್-16 ಯುದ್ಧವಿಮಾನ ಕಂಡರೆ ರೇಡಿಯೊದ ತುರ್ತು ತರಂಗಾಂತರ 121.5ಕ್ಕೆ ಬಂದು, ಹೇಳಿದಂತೆ ಕೇಳುವುದಷ್ಟೇ ದಾರಿ. ತರಬೇತಿ ಹಾರಾಟ, ಗ್ಲೈಡರ್, ಡ್ರೋನ್‌ಗಳಿಗಂತೂ ಹೊರವರ್ತುಲವೂ ಇಲ್ಲ.

ಸುತ್ತುವುದು ದುಬಾರಿ ಎನಿಸುತ್ತದೆ, ಲೆಕ್ಕ ಹಾಕಿ ನೋಡಿ. ಕೇಂದ್ರದಿಂದ 15 ಮೈಲಿ ಆಚೆ ಹಾಯುವ ನೇರದಾರಿ ವರ್ತುಲದೊಳಗೆ 52 ಮೈಲಿ; ಅಂಚು ಹಿಡಿದರೆ ಸುಮಾರು 63. ನೂರು ನಾಟ್ ವೇಗದಲ್ಲಿ ಏಳು ನಿಮಿಷದ ವ್ಯತ್ಯಾಸ! ಅಂಚಿನಿಂದ ಇನ್ನೂ ಮೂರು ಮೈಲಿ ದೂರವಿಟ್ಟರೂ ನನ್ನ ಮತ ಇದಕ್ಕೇ. ನಿರ್ಬಂಧದ ಸಮಯ ಬದಲಾಗುತ್ತಿರುತ್ತದೆ, ಹಾಗಾಗಿ ಹೊರಡುವ ಮುಂಚೆ ನೋಟಮ್ (ಪೈಲಟ್‌ಗಳಿಗೆ ಹೊರಡಿಸುವ ಸೂಚನೆ) ಮತ್ತೆ ನೋಡಿ. ನಿನ್ನೆ ಟ್ಯಾಬ್ಲೆಟ್‌ಗೆ ಇಳಿಸಿಕೊಂಡ ನಕ್ಷೆ ಸಾಲದು.

ವರ್ತುಲದೊಳಗೇ ಮನೆಯಿರುವವರಿಗೆ ಈ ಆಯ್ಕೆಯೂ ಇಲ್ಲ. ಟ್ರಂಪ್ ಫ್ಲೋರಿಡಾದ ತಮ್ಮ ಮಾರ್-ಎ-ಲಾಗೊ ನಿವಾಸಕ್ಕೆ ಬಂದಾಗಲೆಲ್ಲ ಹತ್ತಿರದ ಲಂಟಾನಾ ವಿಮಾನ ನಿಲ್ದಾಣದ ಹಾರಾಟ ಶಾಲೆಗಳು, ವಿಮಾನದ ಹಿಂದೆ ಜಾಹೀರಾತು ಬ್ಯಾನರ್ ಎಳೆಯುವವರು ಕೈಕಟ್ಟಿ ಕೂರಬೇಕಾಯಿತು. ಇತ್ತ ಡಿಸ್ನಿ ಪಾರ್ಕ್‌ಗಳ ಮೇಲಿನ 3 ಮೈಲಿ, 3,000 ಅಡಿಯ ‘ತಾತ್ಕಾಲಿಕ’ ನಿರ್ಬಂಧ 2003ರಿಂದ ಕದಲಿಲ್ಲ.