ಸೈಡ್ ಏರ್‌ಬ್ಯಾಗ್ ಬಿಚ್ಚಿ ಹಾಕಿಸಿದೆ, ಕೆಲಸ ಗೊತ್ತಿರುವ ಗ್ಯಾರೇಜ್

ಡ್ರೈವರ್ ಸೀಟಿನ ಫೋಮ್ ಒಂದು ಕಡೆ ಕುಸಿದಿತ್ತು. ಅದನ್ನು ಬದಲಾಯಿಸಬೇಕಂದ್ರೆ ಸೀಟಿನ ಬೆನ್ನಿನ ಪಕ್ಕದಲ್ಲಿರುವ ಸೈಡ್ ಏರ್‌ಬ್ಯಾಗನ್ನು ಮೊದಲು ಬಿಚ್ಚಬೇಕು. ಸೀಟ್ ಕೆಲಸ ಮಾಡುವವರು ಬೇಕಾದಷ್ಟು ಜನ ಸಿಗುತ್ತಾರೆ, ಏರ್‌ಬ್ಯಾಗ್ ಕೆಲಸ ತಿಳಿದವರು ಕಮ್ಮಿ. ಹಾಗಾಗಿ ಮೆಕ್ಯಾನಿಕ್ ಪಕ್ಕದಲ್ಲೇ ನಿಂತು ನೋಡಿದೆ.

ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ವೈರ್ ತೆಗೆದು, ತುದಿಗೆ ಟೇಪ್ ಸುತ್ತಿಟ್ಟರು. ಆಮೇಲೆ ಸುಮ್ನೆ ಕಾದರು. ಬ್ಯಾಟರಿ ತೆಗೆದರೂ ಏರ್‌ಬ್ಯಾಗ್ ಕಂಟ್ರೋಲ್ ಯೂನಿಟ್‌ನ ಕೆಪಾಸಿಟರ್‌ನಲ್ಲಿ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತದೆ, ಅಪಘಾತದಲ್ಲಿ ಬ್ಯಾಟರಿ ಸಂಪರ್ಕ ಕಿತ್ತುಹೋದರೂ ಬ್ಯಾಗ್ ಉಬ್ಬಲಿ ಅಂತಲೇ ಆ ವ್ಯವಸ್ಥೆ. ಎಷ್ಟು ಹೊತ್ತು ಕಾಯಬೇಕು ಅನ್ನೋದು ಒಂದೊಂದು ಕಾರಿಗೆ ಒಂದೊಂದು ಥರ. ಮೆಕ್ಯಾನಿಕ್ ಅಂದಾಜಿನಲ್ಲಿ ಹೇಳದೆ ನನ್ನ ಕಾರಿನ ಸರ್ವಿಸ್ ಮ್ಯಾನ್ಯುಯಲ್ ತೆರೆದು ನೋಡಿದರು. ನನಗೆ ನಂಬಿಕೆ ಬಂದದ್ದು ಅಲ್ಲೇ.

ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಬಿಡಿಸುವ ಮೊದಲು ಬಾಡಿಯ ಬರಿ ಲೋಹ ಮುಟ್ಟಿ ಮೈಯಲ್ಲಿದ್ದ ಸ್ಟ್ಯಾಟಿಕ್ ಚಾರ್ಜ್ ಕಳೆದುಕೊಂಡರು. ಬಿಚ್ಚಿದ ಮಾಡ್ಯೂಲನ್ನು, ಅಂದ್ರೆ ಬ್ಯಾಗ್ ಇರುವ ಪೂರ್ತಿ ಭಾಗವನ್ನು, ಬ್ಯಾಗ್ ಉಬ್ಬುವ ಬದಿ ಮೈಯಿಂದ ಆಚೆಗೆ ಬರುವಂತೆ ಹಿಡಿದು, ಆ ಬದಿ ಮೇಲೆ ಮಾಡಿ ಮೇಜಿನ ಮೇಲಿಟ್ಟರು. ಕವುಚಿ ಇಟ್ಟರೆ, ಸಿಡಿದಾಗ ಮಾಡ್ಯೂಲೇ ಮೇಲಕ್ಕೆ ಹಾರುತ್ತದೆ. ಕರೆಂಟ್ ಅಳೆಯುವ ಮಲ್ಟಿಮೀಟರನ್ನು ಹತ್ತಿರಕ್ಕೂ ತರಲಿಲ್ಲ. ಸರಿಯೇ, ಮೀಟರಿನ ಸಣ್ಣ ಕರೆಂಟ್ ಕೂಡ ಅದನ್ನು ಸಿಡಿಸಬಹುದು.

ವಾಪಸ್ ಹಾಕುವಾಗ ಹೊಸ ನಟ್ ಹಾಕಿ, ಎಷ್ಟು ಬಿಗಿ ಅಂತ ಅಳೆಯುವ ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿದರು. ವೈರ್ ಎಲ್ಲೂ ಸಿಕ್ಕಿಕೊಂಡಿಲ್ಲ ಅಂತ ಸೀಟನ್ನು ಹಿಂದೆ ಮುಂದೆ ಜರುಗಿಸಿ ನೋಡಿದರು. ಬ್ಯಾಟರಿ ಜೋಡಿಸಿ ಇಗ್ನಿಷನ್ ಆನ್ ಮಾಡುವಾಗ ಕಾರಿನೊಳಗೆ ಯಾರನ್ನೂ ಕೂರಲು ಬಿಡಲಿಲ್ಲ. ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡ್ ಉರಿದು ಆರಿತು, ಹಾಗೇ ಆಗಬೇಕು. ಅಷ್ಟಕ್ಕೇ ಬಿಡದೆ ಸ್ಕ್ಯಾನರ್ ಹಾಕಿ ದೋಷದ ಕೋಡ್ ಯಾವುದೂ ಇಲ್ಲ ಅಂತ ತೋರಿಸಿದರು.

ನನ್ನ ಹಳೆಯ ಸೀಟ್ ಕವರ್ ಹಾಕಲು ಮಾತ್ರ ಖಡಾಖಂಡಿತವಾಗಿ ಒಪ್ಪಲಿಲ್ಲ. ಬ್ಯಾಗ್ ಬಿರಿದು ಹೊರಬರುವ ಹೊಲಿಗೆಯನ್ನೇ ಅದು ಮುಚ್ಚಿಬಿಡುತ್ತಿತ್ತು. ಕವರ್ ಮಾರಿದವರು ಇದನ್ನು ಹೇಳಲೇ ಇಲ್ಲ ಅಂತ ಈಗಲೂ ಸಿಟ್ಟಿದೆ. ಮನೆಯಲ್ಲೇ ಬಿಚ್ಚೋಣ ಅಂದುಕೊಂಡವರು ದಯವಿಟ್ಟು ಇಂಥ ಕಡೆ ಕೊಡಿ.

ಒಂದೇ ಕೊರತೆ, ಬಿಲ್‌ನಲ್ಲಿ ಬರೀ ‘ಸೀಟ್ ಕೆಲಸ’ ಅಂತಿತ್ತು. ಏರ್‌ಬ್ಯಾಗ್ ಬಿಚ್ಚಿ ಹಾಕಿದ್ದು, ಸ್ಕ್ಯಾನ್ ಮಾಡಿದ್ದು ಎರಡನ್ನೂ ನಾನೇ ಕೇಳಿ ಬರೆಸಿಕೊಂಡೆ. ನೀವೂ ಬರೆಸಿಕೊಳ್ಳಿ.