ಕಾಟಾದ ಬೈಟ್‌ಗಳಿಗೆ ಪೈಥಾನಿನ ಸಿಟೈಪ್ಸ್: ಐದಕ್ಕೆ ಮೂರೂವರೆ

ಸಕ್ಕರೆ ಕಾರ್ಖಾನೆಯ ಕಾಟಾ (ತೂಕದ ಯಂತ್ರ) ಇರಲಿ, ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯ ಸೆನ್ಸರ್ ಇರಲಿ, ಯಂತ್ರದ ಜೊತೆ ಸಿಗುವುದು ಹೆಚ್ಚಾಗಿ ಒಂದು ಸಿ ಲೈಬ್ರರಿ, ಒಂದು ಹೆಡರ್ ಫೈಲ್, ಅಷ್ಟೇ. ಅದನ್ನು ಪೈಥಾನಿನಿಂದ ಕರೆಯಲು ಸಿಟೈಪ್ಸ್ (ctypes) ಎಂಬ ಮಾಡ್ಯೂಲ್ ಸಾಕು. 2.5ನೇ ಆವೃತ್ತಿಯಿಂದ ಪೈಥಾನಿನೊಳಗೇ ಇದೆ, ಕಂಪೈಲರ್ ಬೇಡ, ಇಂಟರ್ನೆಟ್ ಇಲ್ಲದ ಕಾಟಾ ಕೋಣೆಯಲ್ಲೂ ನಡೆಯುತ್ತದೆ.

ಒಂದೂವರೆ ಅಂಕ ಹೋಗಿದ್ದು ಬೈಟ್ ಓದುವ ಜಾಗದಲ್ಲಿ. ರೆಸ್‌ಟೈಪ್ (restype, ಫಂಕ್ಷನ್ ಹಿಂತಿರುಗಿಸುವ ಮೌಲ್ಯದ ಟೈಪ್) ಸಿ_ಚಾರ್_ಪಿ (c_char_p, ಸಿ ಸ್ಟ್ರಿಂಗ್) ಎಂದಿಟ್ಟರೆ ಮೊದಲ ಸೊನ್ನೆ ಬೈಟಿಗೇ ಡೇಟಾ ತುಂಡಾಗುತ್ತದೆ. ತೂಕವನ್ನು ಬೈನರಿಯಲ್ಲಿ ಕಳಿಸುವ ಯಂತ್ರದಲ್ಲಿ ನಡುವೆ ಸೊನ್ನೆ ಬರುವುದು ಮಾಮೂಲು. ಮೇಲಾಗಿ ಮೂಲ ಪಾಯಿಂಟರ್ (ಮೆಮೊರಿಯ ವಿಳಾಸ) ಕೈತಪ್ಪುವುದರಿಂದ ಆ ಮೆಮೊರಿಯನ್ನು ಫ್ರೀ ಮಾಡಲೂ ಆಗದು. ಸಿ_ವಾಯ್ಡ್_ಪಿ (c_void_p, ಬರೀ ವಿಳಾಸ) ಇಡಿ, ಸ್ಟ್ರಿಂಗ್_ಅಟ್‌ಗೆ ಪಾಯಿಂಟರ್, ಉದ್ದ ಎರಡನ್ನೂ ಕೊಡಿ: ಬರೋಬ್ಬರಿ ನಕಲು ಸಿಗುತ್ತದೆ. ಆಮೇಲೆ ಲೈಬ್ರರಿಯದೇ ಫ್ರೀ ಫಂಕ್ಷನ್ ಕರೆಯಿರಿ. ರೆಸ್‌ಟೈಪ್ ಬರೆಯದೇ ಬಿಟ್ಟರಂತೂ ಇಂಟ್ ಎಂದೇ ಹಿಡಿಯುತ್ತದೆ. 64 ಬಿಟ್ ವಿಳಾಸದ ಮೇಲಿನ ಅರ್ಧ ಹೋಗಿ ಸೆಗ್‌ಫಾಲ್ಟ್, ಅಂದರೆ ಪ್ರೋಗ್ರಾಂ ಕುಸಿಯುತ್ತದೆ. ವಿಳಾಸ ಚಿಕ್ಕದಿದ್ದಾಗ ಏನೂ ಆಗದೆ ನಡೆದುಬಿಡುತ್ತದೆ, ಅದೇ ಪೀಕಲಾಟ.

ಸಿ ಕಡೆ ಬರೆಯುವ ಬಫರಿಗೆ ಬೈಟ್ಸ್ ವಸ್ತುವನ್ನು ಕೊಡಲೇಬೇಡಿ. ಅದು ಬದಲಾಗಬಾರದ್ದು, ಆದರೂ ಸಿಟೈಪ್ಸ್ ತಡೆಯುವುದಿಲ್ಲ. ಅದೇ ವಸ್ತು ಬೇರೆಡೆ ಬಳಕೆಯಲ್ಲಿದ್ದರೆ ಅಲ್ಲೂ ಕೆಡುತ್ತದೆ. ಕ್ರಿಯೇಟ್_ಸ್ಟ್ರಿಂಗ್_ಬಫರ್(256) ಮಾಡಿ, ವ್ಯಾಲ್ಯೂ (value, ಅದೂ ಸೊನ್ನೆಗೇ ನಿಲ್ಲುತ್ತದೆ) ಬಿಟ್ಟು ರಾ (raw) ಓದಿ, ಲೈಬ್ರರಿ ಹೇಳಿದ ಉದ್ದಕ್ಕೆ ಕತ್ತರಿಸಿ. ದೊಡ್ಡ ಡೇಟಾಕ್ಕೆ ಬೈಟ್‌ಅರೇ (ಬದಲಿಸಬಹುದಾದ ಬೈಟ್‌ಗಳ ಸಾಲು) ಮೇಲೆ ಫ್ರಂ_ಬಫರ್ ಚೆನ್ನ, ನಕಲೇ ಇಲ್ಲ. ಆ ಹಿಡಿತ ಇರುವಾಗ ಬೈಟ್‌ಅರೇ ಹಿಗ್ಗಿಸಹೋದರೆ ಬಫರ್‌ಎರರ್ ಬರುತ್ತದೆ, ಬರಬೇಕಾದದ್ದೇ.

ಕಾಟಾ ಚೀಟಿಯಲ್ಲಿ ಊರ ಹೆಸರು ಕನ್ನಡದಲ್ಲಿ ಬೇಕೆಂದರೆ ಎನ್‌ಕೋಡ್ ಮಾಡಿದ ಮೇಲೆ ಉದ್ದ ಅಳೆಯಿರಿ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಕೋಡ್‌ಪಾಯಿಂಟಿಗೆ (ಅಕ್ಷರಕ್ಕೂ, ಕಾಗುಣಿತ ಚಿಹ್ನೆಗೂ ಬೇರೆ ಬೇರೆ) 3 ಬೈಟ್: ‘ಬೆಳಗಾವಿ’ 21, ಕೊನೆಯ ಸೊನ್ನೆ ಸೇರಿ 22. ‘ಬಾಗಲಕೋಟೆ’ 24, ಆದರೆ ಎನ್‌ಎಫ್‌ಡಿ (ಚಿಹ್ನೆಗಳನ್ನು ಬಿಡಿಸಿಟ್ಟ ಯೂನಿಕೋಡ್) ರೂಪದಲ್ಲಿ ಬಂದರೆ ‘ಕೋ’ದ ಓತ್ವ ಮೂರು ತುಂಡಾಗಿ 30. 25 ಬೈಟಿನ ಬಫರ್ ಇಟ್ಟವರ ಗತಿ ಊಹಿಸಿ.

ಸ್ಟ್ರಕ್ಟ್‌ಗಳು (ಹಲವು ಮೌಲ್ಯ ಒಟ್ಟಿಗಿಡುವ ಸಿ ಟೈಪ್‌ಗಳು) ಹೆಚ್ಚಿದ್ದರೆ ಇದೇ ಕೆಲಸದ ಇನ್ನೊಂದು ಪೈಥಾನ್ ಲೈಬ್ರರಿ ಸಿಎಫ್‌ಎಫ್‌ಐ (CFFI) ಮೇಲು: ಹೆಡರಿನ ಡಿಕ್ಲರೇಷನ್‌ಗಳನ್ನು ಬಹುತೇಕ ಹಾಗೇ ಅಂಟಿಸಬಹುದು, ಸಿ ಕೋಡನ್ನು ಕಂಪೈಲ್ ಮಾಡುವ ಅದರ ಎಪಿಐ ಮೋಡ್‌ನಲ್ಲಿ ತಪ್ಪು ಟೈಪನ್ನು ಕಂಪೈಲರೇ ಹಿಡಿಯುತ್ತದೆ. ಮೂರ್ನಾಲ್ಕು ಫಂಕ್ಷನ್ನಿನ ಕಾಟಾಕ್ಕೆ ಅದು ಅತಿಯಾಯಿತು.

ವಿಂಡೋಸ್‌ನಲ್ಲಿ ‘ವಿನ್‌ಎರರ್ 193’ ಬಂದರೆ ಕೋಡ್ ತಿದ್ದಬೇಡಿ. ಡಿಎಲ್‌ಎಲ್ (ವಿಂಡೋಸ್‌ನ ಲೈಬ್ರರಿ ಫೈಲ್) 32 ಬಿಟ್, ಪೈಥಾನ್ 64 ಬಿಟ್ ಆಗಿರುವುದೇ ಸಾಮಾನ್ಯ ಕಾರಣ; 32 ಬಿಟ್ ಪೈಥಾನ್ ಹಾಕಿ, ಇಲ್ಲವೇ ಯಂತ್ರ ಮಾರಿದವರ ಹತ್ತಿರ 64 ಬಿಟ್ ಡಿಎಲ್‌ಎಲ್ ಕೇಳಿ.