ಆರು ಲೋಟ ಕಾಫಿ ಎರಡಕ್ಕಿಳಿಸಲು ಮೂರು ದಾರಿ: ನನಗೆ ಒಗ್ಗಿದ್ದು ಯಾವುದು

ದಿನಕ್ಕೆ ಆರು ಲೋಟ ಫಿಲ್ಟರ್ ಕಾಫಿ. ಲೆಕ್ಕ ಹಾಕಿದ್ದು ನಾನಲ್ಲ, ಹಾಲಿನ ಬಿಲ್ ನೋಡಿದ ಹೆಂಡತಿ. ರಾತ್ರಿ ಒಂದು ಗಂಟೆಯಾದರೂ ನಿದ್ದೆ ಹತ್ತುತ್ತಿರಲಿಲ್ಲ. ಹೇಗಾದರೂ ಎರಡಕ್ಕೆ ಇಳಿಸಬೇಕು ಅಂತ ಒಂದಾದ ಮೇಲೊಂದು ಮೂರು ದಾರಿ ನೋಡಿದೆ.

ಮೊದಲು, ಒಂದೇ ಏಟಿಗೆ ಬಿಡುವುದು. ಸೋಮವಾರ ಬೆಳಗ್ಗೆ ಏನೂ ಆಗಲಿಲ್ಲ. ಇಷ್ಟೇನಾ ಅನ್ನಿಸಿತು. ಸಂಜೆಗೆ ಕಣ್ಣಿನ ಹಿಂದೆ ಸಣ್ಣಗೆ ಸಿಡಿತ ಶುರುವಾಯಿತು. ಮಂಗಳವಾರ ತಲೆ ಎತ್ತಲಾಗಲಿಲ್ಲ, ಮಗ ಬಾಗಿಲು ಹಾಕಿದ ಸದ್ದಿಗೂ ರೇಗಿದೆ. ಕೆಫೀನ್ ನಿಲ್ಲಿಸಿದ 12ರಿಂದ 24 ಗಂಟೆಯೊಳಗೆ ಈ ತಲೆನೋವು ಕಾಣಿಸಿಕೊಳ್ಳುತ್ತದೆ, ಒಂದೆರಡು ದಿನದಲ್ಲಿ ಜೋರಾಗುತ್ತದೆ, ಕೆಲವರಿಗೆ ವಾರ ದಾಟಿಯೂ ಎಳೆಯುತ್ತದೆ. ನಾನು ಅಷ್ಟು ದಿನ ಕಾಯಲಿಲ್ಲ. ಬುಧವಾರ ಮಧ್ಯಾಹ್ನ ದರ್ಶಿನಿ ಮುಂದೆ ನಿಂತು ಒಂದು ಸ್ಟ್ರಾಂಗ್ ಹೊಡೆದೆ. ಅರ್ಧ ಗಂಟೆಯಲ್ಲಿ ತಲೆನೋವು ಮಂಗಮಾಯ. ಆ ವಾರ ದಿನಕ್ಕೆ ಏಳು ಲೋಟವಾಯಿತು!

ಎರಡನೆಯದು, ಕಾಫಿ ಜಾಗಕ್ಕೆ ಕಷಾಯ. ಕೊತ್ತಂಬರಿ, ಜೀರಿಗೆ, ಸ್ವಲ್ಪ ಮೆಂತ್ಯ, ಕಾಳುಮೆಣಸು ಹುರಿದು ಪುಡಿ ಮಾಡಿ ಡಬ್ಬಿಗೆ ತುಂಬಿಟ್ಟೆ. ಬೆಳಗ್ಗೆ ಇದು ಸುಮ್ನೆ ದಂಡ, ಎದ್ದ ಹಾಗೇ ಆಗಲ್ಲ. ಸಂಜೆ ಮಾತ್ರ ಚೆನ್ನಾಗಿ ಒಗ್ಗಿತು. ಕುಡಿದ ಕೆಫೀನ್‌ನಲ್ಲಿ ಅರ್ಧ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಐದಕ್ಕೆ ಕುಡಿದರೆ ಹತ್ತಕ್ಕೂ ಅರ್ಧ ಒಳಗೇ ಇರುತ್ತದೆ. ಸಂಜೆಯ ಎರಡು ಲೋಟ ಕಷಾಯಕ್ಕೆ ತಿರುಗಿದ ನಾಲ್ಕನೇ ದಿನ ಹನ್ನೊಂದಕ್ಕೆ ಮಲಗಿದೆ. ಒಂದೇ ತಕರಾರು, ಬೆಲ್ಲ. ರುಚಿಗೆ ಅಂತ ಹಾಕುತ್ತಾ ಹೋದರೆ ಇದೂ ಒಂದು ಚಟವೇ, ಅಲ್ವಾ?

ಮೂರನೆಯದು ನನ್ನ ಮೆಚ್ಚಿನದು: ಪುಡಿಯನ್ನೇ ಬದಲಿಸುವುದು. ಕಾಫಿಪುಡಿಗೆ ಬೆರೆಸುವ ಚಿಕೋರಿ ಬೇರಿನ ಪುಡಿಯಲ್ಲಿ ಕೆಫೀನ್ ಇಲ್ಲ. ಡಿಕಾಕ್ಷನ್ ಮಾತ್ರ ಕಪ್ಪಗೆ, ಗಟ್ಟಿಯಾಗಿ ಇಳಿಯುತ್ತದೆ, ಕಣ್ಣಿಗೆ ಸ್ಟ್ರಾಂಗ್ ಅನ್ನಿಸುತ್ತದೆ. ನಮ್ಮಲ್ಲಿ 80:20 ಇತ್ತು, ಅಂದರೆ 80 ಪಾಲು ಕಾಫಿ, 20 ಪಾಲು ಚಿಕೋರಿ. ಪುಡಿ ಅಂಗಡಿಯಲ್ಲಿ ಮೊದಲು 70:30, ಮೂರು ವಾರದ ನಂತರ 60:40 ಹಾಕಿಸಿದೆ. (ಕಾನೂನಿನ ಪ್ರಕಾರ ಚಿಕೋರಿ 49 ಶೇಕಡಾ ದಾಟುವಂತಿಲ್ಲ.) ಜೊತೆಗೆ ರೊಬಸ್ಟಾ ಜಾತಿಯ ಕಾಫಿ ಬೀಜ ಬಿಡಿಸಿ ಬರೀ ಅರೇಬಿಕಾ ಜಾತಿಯದು ಮಾಡಿಸಿದೆ, ರೊಬಸ್ಟಾದಲ್ಲಿ ಕೆಫೀನ್ ಹೆಚ್ಚುಕಮ್ಮಿ ಎರಡರಷ್ಟು. ತಲೆನೋವು ಒಂದು ದಿನವೂ ಬರಲಿಲ್ಲ. ಆಫೀಸಿನಲ್ಲಿ ಬೈಟು, ಅಂದರೆ ಒಂದು ಕಾಫಿ ಇಬ್ಬರು ಹಂಚಿಕೊಳ್ಳುವುದು, ಶುರು ಮಾಡಿದೆ. ಅದರಲ್ಲೂ ಒಂದು ಮೋಸವಿದೆ: ಬೇರೆ ಬೇರೆ ಗೆಳೆಯರ ಜೊತೆ ಎರಡು ಬೈಟು ಕುಡಿದರೆ ಒಂದು ಫುಲ್ಲೇ ಆಯಿತು.

70:30 ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. 60:40ರ ಮೊದಲ ಬೆಳಗ್ಗೆ ಅಮ್ಮ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಕಾಫಿ ಕೇಳಿದ್ರೆ ಕಷಾಯ ಕೊಟ್ಟಿದ್ದೀಯಲ್ಲೋ" ಅಂದರು.

ಆತುರ ಇದ್ದವರು, ತಲೆನೋವು ತಡೆಯಬಲ್ಲವರು ಮೊದಲನೆಯದನ್ನು ನೋಡಬಹುದು, ನಾನಂತೂ ಮತ್ತೆ ಆ ಕಡೆ ತಲೆ ಹಾಕಲ್ಲ. ನಿದ್ದೆಯೊಂದೇ ತೊಂದರೆಯಾದರೆ ಸಂಜೆಯ ಕಷಾಯವೇ ಸಾಕು. ನನಗೆ ಬೆಳಗ್ಗೆ ಚಿಕೋರಿ, ಸಂಜೆ ಕಷಾಯ ಎರಡೂ ಬೇಕಾದವು. ಎರಡು ತಿಂಗಳಿಗೆ ಎರಡು ಲೋಟಕ್ಕೆ ಬಂದೆ. ಈಗ ನಮ್ಮ ಅಡುಗೆಮನೆಯಲ್ಲಿ ಎರಡು ಫಿಲ್ಟರ್. ಸ್ಟೀಲಿನದು ನನ್ನದು. ಹಿತ್ತಾಳೆಯದು ಅಮ್ಮನದು, 80:20, ಅದನ್ನು ನಾನು ಮುಟ್ಟುವಂತಿಲ್ಲ.